ವಿಷಯ: ಬದಲಿ ಕೀಲು ‘ಲೂಸ್’ ಆದರೆ ಕನ್ನಡದಲ್ಲಿ ಏನನ್ನಬೇಕು? (ತುರ್ತು)

ಮಿತ್ರರೆ,
ಉಡುಪಿಯ ಆಸ್ಪತ್ರೆಯೊಂದರ ರೋಗಿ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಸೊಂಟದ ಕೀಲು ಬದಲಿಸಿ ಕೆಲವು ವರ್ಷ ಕಳೆದ ಮೇಲೆ ಕೃತಕ ಕೀಲು ಎಲುಬಿನ ಹಿಡಿತ ಬಿಡುವುದುಂಟು. ಎಕ್ಸ್‌ರೇಯಲ್ಲಿ ಎರಡರ ನಡುವೆ ಕಪ್ಪು ಗೆರೆ ಕಾಣುತ್ತದೆ. ಅದು 2 ಮಿ.ಮೀ.ಗಿಂತ ಅಗಲವಿದ್ದರೆ, ಅಥವಾ ಹಳೆಯ ಫಿಲ್ಮಿಗಿಂತ ಹಿಗ್ಗಿದ್ದರೆ ವೈದ್ಯರಿಗೆ ಸಂಶಯ ಬರುತ್ತದೆ. ಕರಡಿನಲ್ಲಿ ‘ಕೀಲಿನ ಶಿಥಿಲತೆ’ ಎಂದಿದೆ. ಬೇರೆ ಪದ ಉಂಟೆ?

ಮಂಗಳೂರಿನಿಂದ:
ಶಿಥಿಲತೆ ಬೇಡವೇ ಬೇಡ. ಪೇಪರಿನಲ್ಲಿ ಶಿಥಿಲವಾಗುವುದು ಸೇತುವೆ, ಶಾಲೆಯ ಮಾಡು. ಓದಿದವರು ಎಲುಬೇ ಪುಡಿಯಾಯಿತೆಂದು ಹೆದರುತ್ತಾರೆ. ‘ಸಡಿಲ’ ಎಂಬ ಅಚ್ಚಗನ್ನಡ ಪದ ಇರುವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು? ಎಕ್ಸ್‌ರೇ ಕೂಡ ಬೇಡ, ಕ್ಷ-ಕಿರಣ ಎನ್ನಿ.

ಕುಂದಾಪುರದಿಂದ:
‘ಸಡಿಲ’ ಅಚ್ಚಗನ್ನಡವಲ್ಲ, ‘ಶಿಥಿಲ’ದ ತದ್ಭವ. ಪದ ಸರಿ, ಕೊಟ್ಟ ಕಾರಣ ತಪ್ಪು. ಕ್ಷ-ಕಿರಣದ ಕಥೆಯೂ ಅಷ್ಟೇ. ಜರ್ಮನ್ ವಿಜ್ಞಾನಿ ರಾಂಟ್ಜನ್ 1895ರಲ್ಲಿ ಗುರುತು ಸಿಗದ ಕಿರಣಕ್ಕೆ ಎಕ್ಸ್ ಎಂದರು, ನಾವು ಬೀಜಗಣಿತದ ‘ಕ್ಷ’ ತಂದು ಅಂಟಿಸಿದೆವು. ಪಾಠಪುಸ್ತಕದಲ್ಲಿರಲಿ. ಬಸ್ಸಿಳಿದು ಬರುವ ಅಜ್ಜಿ ಕೇಳುವುದು ಎಕ್ಸ್‌ರೇ ಕೋಣೆಯನ್ನೇ.

ನನಗೆ ಚಿಂತೆಯಿರುವುದು ‘ಸೊಂಟ’ದ ಬಗ್ಗೆ. ನಮ್ಮಲ್ಲಿ ಸೊಂಟನೋವು ಎಂದರೆ ಕೈ ಹೋಗುವುದು ಬೆನ್ನಿನ ಬುಡಕ್ಕೆ. ಕೃತಕ ಕೀಲಿನ ಗುಂಡು ಕೂರುವ ಬಟ್ಟಲಿನ ಭಾಗ ಸಡಿಲಾದರೆ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ, ತೊಡೆಯೆಲುಬಿನೊಳಗಿನ ಕಾಂಡ ಸಡಿಲಾದರೆ ತೊಡೆಯಲ್ಲಿ. ನನ್ನ ಅತ್ತೆ ‘ಸೊಂಟ ಚೆನ್ನಾಗುಂಟು, ತೊಡೆ ಮಾತ್ರ ನೋವು’ ಎನ್ನುತ್ತ ಒಂದು ವರ್ಷ ತಪಾಸಣೆಗೆ ಹೋಗಲಿಲ್ಲ. ತೊಡೆಸಂದು, ತೊಡೆ ಎಂದು ಬಿಡಿಸಿ ಬರೆಯಿರಿ. ಗುಂಡು ಬಟ್ಟಲಿನಿಂದ ಹೊರಬೀಳುವುದು ‘ಕೀಲು ತಪ್ಪುವುದು’. ಅದನ್ನು ಸಡಿಲಿನ ಜೊತೆ ಬೆರೆಸಬೇಡಿ.

ಮಂಗಳೂರಿನಿಂದ:
ತದ್ಭವವಾದ ಮೇಲೆ ಅದು ಕನ್ನಡವೇ. ಬಾಯಲ್ಲಿ ಸವೆದು ನಮ್ಮದಾದದ್ದು. ಎಕ್ಸ್‌ರೇ ಹಾಗೆ ಸವೆದಿಲ್ಲ.

ಕುಂದಾಪುರದಿಂದ:
‘ಎಸ್ಕರೆ’ ಎನ್ನುವವರನ್ನು ನೀವು ಕೇಳಿಲ್ಲ.

ಉಡುಪಿಯಿಂದ:
ಇಬ್ಬರಿಗೂ ನಮಸ್ಕಾರ. ‘ಕೃತಕ ಕೀಲು ಸಡಿಲಾಗುವುದು’ ಎಂದು ಹಾಕಿದೆ. ಎಕ್ಸ್‌ರೇ ಉಳಿಯಿತು. ಕೆಳಗೆ ದಪ್ಪಕ್ಷರದಲ್ಲಿ: ‘ತೊಡೆಸಂದು ಅಥವಾ ತೊಡೆ ನೋಯುತ್ತಿದ್ದರೆ ಬನ್ನಿ. ಆಪರೇಶನ್ ಆದಾಗ ತೆಗೆದ ಮೊದಲ ಫಿಲ್ಮನ್ನೂ ತನ್ನಿ.’