ಆರೈಕೆ ಮಾಡುವವರ ಮನಸ್ಸು ಸೋತಾಗ: ಇದು ದಣಿವೋ, ಖಿನ್ನತೆಯೋ?

ಪ್ರಶ್ನೆ: ಸಾಗರದ ಗೃಹಿಣಿ

ಮಾನ್ಯರೇ, ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿರುವ ಅತ್ತೆಯವರನ್ನು ಕಳೆದ ಮಳೆಗಾಲದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಅವರ ಮೇಲೆ ನನಗೆ ತುಂಬ ಅಕ್ಕರೆಯಿದೆ. ಆದರೂ ಇತ್ತೀಚೆಗೆ ಮಲಗಿದರೆ ನಿದ್ದೆ ಹತ್ತುವುದಿಲ್ಲ, ಮಕ್ಕಳ ಮೇಲೆ ವಿನಾಕಾರಣ ಸಿಡುಕುತ್ತೇನೆ, ಇಷ್ಟಪಟ್ಟು ಮಾಡುತ್ತಿದ್ದ ಹಿತ್ತಲಿನ ಕೆಲಸವೂ ಬೇಡವೆನಿಸುತ್ತದೆ. ಮನೆಯವರು ಇದನ್ನು ಬರೀ ದಣಿವೆನ್ನುತ್ತಾರೆ. ನಿಜ ಯಾವುದೆಂದು ತಿಳಿಯುವ ಬಗೆ ಹೇಗೆ?

ಉತ್ತರ 1: ಆಪ್ತಸಮಾಲೋಚಕಿ

ದಣಿವಾಗಿದ್ದರೆ ಒಂದೆರಡು ದಿನ ಚೆನ್ನಾಗಿ ಮಲಗಿ ಎದ್ದಾಗ ಅದು ಬಹುಮಟ್ಟಿಗೆ ಇಳಿಯುತ್ತದೆ. ಎರಡು ವಾರಗಳ ಕಾಲ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಹೊತ್ತು ಬೇಸರವೋ ನಿರಾಸಕ್ತಿಯೋ ಕವಿದಿದ್ದು, ಅದರ ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆಗಳು ಕೆಟ್ಟು, ತಾನು ನಿಷ್ಪ್ರಯೋಜಕಳೆಂಬ ಭಾವನೆಯೂ ಸೇರಿಕೊಂಡರೆ, ಅದನ್ನು ಖಿನ್ನತೆಯೆಂದು ಶಂಕಿಸಿ ವೈದ್ಯರಿಗೆ ತೋರಿಸಲೇಬೇಕು. ರಕ್ತಹೀನತೆ ಮತ್ತು ಥೈರಾಯ್ಡ್ ಕೊರತೆಗಳು ಕೂಡ ಇಂಥದೇ ಲಕ್ಷಣಗಳನ್ನು ತೋರುವುದರಿಂದ ರಕ್ತಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ.

ಮನೆ ಬಿಟ್ಟು ಹೊರಡುವುದೇ ಕಷ್ಟವಾಗಿದ್ದರೆ 14416ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ, ದೂರವಾಣಿಯಲ್ಲಿ ಮಾನಸಿಕ ಆರೋಗ್ಯದ ಸಲಹೆ ನೀಡುವ ಟೆಲಿ ಮಾನಸ್ ಸೇವೆ ಇದು. ಹಗಲೂ ರಾತ್ರಿಯೂ ಉಚಿತವಾಗಿ ಲಭ್ಯವಿದ್ದು, ಕನ್ನಡದಲ್ಲಿಯೇ ಮಾತನಾಡಬಹುದು. ರಾಜ್ಯ ಸರ್ಕಾರದ ಮಾನಸಿಕ ಆರೋಗ್ಯ ಯೋಜನೆಯಾದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಬರುವ ವ್ಯವಸ್ಥೆಯೂ ಇದೆ. ನಿಮ್ಮಲ್ಲಿಗೆ ಯಾವ ಮಂಗಳವಾರ ಬರುತ್ತಾರೆಂದು ಮೊದಲೇ ವಿಚಾರಿಸಿ.

ಉತ್ತರ 2: ನಿವೃತ್ತ ಶುಶ್ರೂಷಕಿ

ತಂಗೀ, ನಿಮ್ಮ ನಿದ್ದೆಯ ಬಗ್ಗೆಯೇ ನನಗೆ ಹೆಚ್ಚಿನ ಚಿಂತೆ. ಹಾಸಿಗೆಹುಣ್ಣು ಆಗದಿರಲೆಂದು ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕಾಗುತ್ತದೆ. ಅದಕ್ಕಾಗಿ ರಾತ್ರಿಯಿಡೀ ಒಬ್ಬರೇ ಎದ್ದು ಕೂತರೆ ಎಂಥ ಗಟ್ಟಿ ಮನಸ್ಸೂ ಕುಸಿಯುತ್ತದೆ. ಏರ್ ಬೆಡ್ ಹಾಕಿದರೆ ಎಷ್ಟು ಹೊತ್ತಿಗೊಮ್ಮೆ ತಿರುಗಿಸಿದರೆ ಸಾಕೆಂದು ವೈದ್ಯರನ್ನು ಕೇಳಿ. ಮನೆಯಲ್ಲಿ "ಸ್ವಲ್ಪ ಸಹಾಯ ಮಾಡಿ" ಎಂದಷ್ಟೇ ಹೇಳಿದರೆ ಯಾರಿಗೂ ತಮ್ಮ ಪಾಲು ಯಾವುದೆಂದು ಹೊಳೆಯುವುದಿಲ್ಲ. "ರಾತ್ರಿ ಎರಡರಿಂದ ಬೆಳಗಿನವರೆಗೆ ಅಮ್ಮನ ಹೊಣೆ ನಿಮ್ಮದು" ಎಂದು ಯಜಮಾನರಿಗೆ ಹೊತ್ತನ್ನೇ ಗೊತ್ತುಮಾಡಿ ಹೇಳಿ. ಅವರ ತಾಯಿಯ ಸೇವೆ ಅವರ ಕರ್ತವ್ಯವೂ ಹೌದಲ್ಲವೇ?

ಗೃಹಿಣಿ: ಹಾಗೆ ಕೇಳಲು ಸಂಕೋಚವಾಗುತ್ತದೆ. ಧ್ಯಾನ ಮಾಡು, ಒಳ್ಳೆಯದನ್ನೇ ಯೋಚಿಸು ಎಂದು ನೆಂಟರು ಹೇಳುತ್ತಾರೆ. ಅದರಿಂದ ಸರಿಹೋಗಬಹುದೇ?

ಆಪ್ತಸಮಾಲೋಚಕಿ: ಧ್ಯಾನ ಕೆಲವರಿಗೆ ನೆರವಾಗುತ್ತದೆ, ಆದರೆ ಅದು ನಿದ್ದೆಗೂ ಚಿಕಿತ್ಸೆಗೂ ಬದಲಿಯಲ್ಲ, ಒಳ್ಳೆಯದನ್ನೇ ಯೋಚಿಸಬೇಕೆಂಬ ಒತ್ತಾಯವಂತೂ, ಹಾಗೆ ಯೋಚಿಸಲಾಗದವರಲ್ಲಿ ತಪ್ಪಿತಸ್ಥ ಭಾವನೆಯನ್ನೇ ಬೆಳೆಸುತ್ತದೆ. ಮನಸ್ಸು ಬಂದ ಮೇಲೆ ಹಿತ್ತಲಿಗೆ ಹೋಗೋಣವೆಂದು ಕಾಯಬೇಡಿ. ದಿನಕ್ಕೆ ಹತ್ತು ನಿಮಿಷ, ನಿಗದಿತ ಹೊತ್ತಿಗೆ, ಬೇಡವೆನಿಸಿದರೂ ಹೋಗಿ ಬನ್ನಿ. ಖಿನ್ನತೆಯಲ್ಲಿ ಉತ್ಸಾಹವು ಹೆಚ್ಚಾಗಿ ಕೆಲಸದ ನಂತರವೇ ಹುಟ್ಟುವುದರಿಂದ, ಹೀಗೆ ಚಟುವಟಿಕೆಯಿಂದ ಆರಂಭಿಸುವುದೇ ಒಂದು ಮಾನ್ಯ ಚಿಕಿತ್ಸಾಕ್ರಮವಾಗಿದೆ. ಬದುಕು ಸಾಕೆಂಬ ಯೋಚನೆ ಎಂದಾದರೂ ಸುಳಿದರೆ ಮಾತ್ರ ಮಂಗಳವಾರಕ್ಕೆ ಕಾಯದೆ ಆ ಕ್ಷಣವೇ ಯಜಮಾನರಿಗೆ ತಿಳಿಸಿ, ಅದೇ 14416 ಸಂಖ್ಯೆಗೆ ಕರೆ ಮಾಡಿ.