ಕಡೆ ಬದಲಿಸಿದ ನೌಕಾಧಿಕಾರಿಯನ್ನು ‘ಪಕ್ಷಾಂತರಿ’ ಅನ್ನಬಹುದೇ?

ಗೆಳೆಯರೇ,

17ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅದರಲ್ಲಿ ವಿಲಿಯಂ ಬ್ಯಾಟನ್ ಎಂಬ ನೌಕಾಧಿಕಾರಿ ಬರುತ್ತಾನೆ. ಪಾರ್ಲಿಮೆಂಟಿನ ಪರವಾಗಿ ವರ್ಷಗಟ್ಟಲೆ ಹಡಗು ನಡೆಸಿ, 1648ರಲ್ಲಿ ರಾಜಮನೆತನದ ಕಡೆಗೆ ಹೋದವನು. ಈ ‘ಹೋದದ್ದ’ಕ್ಕೆ ಕನ್ನಡದಲ್ಲಿ ಸರಿಯಾದ ಹೆಸರು ಯಾವುದು? ‘ಪಕ್ಷಾಂತರ’ ಎಂದು ಬರೆದು ಹೊಡೆದುಹಾಕಿದ್ದೇನೆ. ಯಾಕೆಂದು ಹೇಳಲು ಆತನ ಕಥೆ ಸ್ವಲ್ಪ ಹೇಳಬೇಕು.

ಬ್ಯಾಟನ್ 1638ರಲ್ಲಿ ನೌಕಾಪಡೆಯ ಸರ್ವೇಯರ್ ಆದ. (ನಮ್ಮಲ್ಲಿ ಸರ್ವೇಯರ್ ಎಂದರೆ ಹೊಲಕ್ಕೆ ಚೈನು ಹಿಡಿದು ಬರುವವನು. ಅಲ್ಲಿ ಆತ ಹಡಗಿನ ಒಡಲು, ಕೂವೆಮರ, ಹಗ್ಗ, ಹಡಗುಕಟ್ಟೆಯ ಸಾಮಾನು ಎಲ್ಲದರ ಮೇಲ್ವಿಚಾರಕ. ಇದಕ್ಕೂ ಒಂದು ಒಳ್ಳೆಯ ಪದ ಬೇಕು.) 1642ರಲ್ಲಿ ನೌಕಾಪಡೆಯ ಬಹುಭಾಗ ಪಾರ್ಲಿಮೆಂಟಿನ ವಶವಾಯಿತು. ವಾರಿಕ್‌ನ ಅರ್ಲ್ ದಳದ ಮುಖ್ಯಸ್ಥನಾದ, ಬ್ಯಾಟನ್ ಆತನ ನಂತರದ ಸ್ಥಾನದಲ್ಲಿದ್ದ.

1643ರ ಫೆಬ್ರವರಿಯ ಒಂದು ಘಟನೆ ನೋಡಿ. ರಾಣಿ ಹೆನ್ರಿಯೆಟಾ ಮರಿಯಾ ಹಾಲೆಂಡಿನಿಂದ ಮದ್ದುಗುಂಡು ತುಂಬಿಸಿಕೊಂಡು ಯಾರ್ಕ್‌ಶೈರಿನ ಬ್ರಿಡ್ಲಿಂಗ್ಟನ್ನಿನಲ್ಲಿ ಇಳಿದಿದ್ದಳು. ಬ್ಯಾಟನ್ನಿನ ಹಡಗುಗಳು ಬಂದು ಆಕೆ ತಂಗಿದ್ದ ಕಡೆಗೇ ಗುಂಡು ಹಾರಿಸಿದವು. ರಾಣಿ ಮನೆ ಬಿಟ್ಟು ಓಡಿ, ಊರಾಚೆಯ ಹಳ್ಳದಲ್ಲಿ ಮುದುರಿ ಕೂತಳು. ಮನೆಯಲ್ಲೇ ಉಳಿದ ತನ್ನ ನಾಯಿಗಾಗಿ ನಡುವೆ ವಾಪಸ್ ಹೋಗಿ ಬಂದಳಂತೆ. ಆಕೆಗೆ ಬೆಂಗಾವಲಾಗಿ ಬಂದಿದ್ದ ಡಚ್ ಅಡ್ಮಿರಲ್ ಟ್ರಾಂಪ್ ‘ನಿಲ್ಲಿಸದಿದ್ದರೆ ನಾನೂ ಹೊಡೆಯುತ್ತೇನೆ’ ಎಂದು ಹೇಳಿ ಕಳಿಸಿದ ಮೇಲೆಯೇ ಗುಂಡು ನಿಂತದ್ದು. 1646ರಲ್ಲಿ ಆಕೆಯ ಮಗ, ಹದಿನೈದರ ಹುಡುಗ ಯುವರಾಜ ಚಾರ್ಲ್ಸ್ ಸಿಲ್ಲಿ ದ್ವೀಪಗಳಲ್ಲಿ ಅಡಗಿದ್ದಾಗ ಹಡಗುಗಳನ್ನು ತೆಗೆದುಕೊಂಡು ಹೋಗಿ ಸುತ್ತುವರಿದವನೂ ಇದೇ ಬ್ಯಾಟನ್. ಬಿರುಗಾಳಿ ಎದ್ದು ಹಡಗುಗಳು ಚದುರಿದ್ದರಿಂದ ಹುಡುಗ ಜೆರ್ಸಿ ದ್ವೀಪಕ್ಕೆ ಪಾರಾದ.

ಎರಡೇ ವರ್ಷದ ಮೇಲೆ ಅದೇ ಹುಡುಗ ಬ್ಯಾಟನ್‌ಗೆ ‘ಸರ್’ ಪದವಿ ಕೊಟ್ಟ!

ನಡುವೆ ಆದದ್ದು ಇಷ್ಟು. ಪಾರ್ಲಿಮೆಂಟು ಯುದ್ಧ ಗೆದ್ದ ಮೇಲೆ ಗೆದ್ದವರಲ್ಲೇ ಒಡಕು ಬಂತು. ಒಂದು ಕಡೆ ರಾಜನ ಜೊತೆ ರಾಜಿ ಮಾಡಿಕೊಳ್ಳೋಣ ಎನ್ನುವ ಪ್ರೆಸ್ಬಿಟೇರಿಯನ್ನರು, ಇನ್ನೊಂದು ಕಡೆ ಭೂಸೇನೆ ಮತ್ತು ಅದರ ಬೆಂಬಲಿಗರು. ಬ್ಯಾಟನ್ ಮೊದಲನೆಯವರ ಪೈಕಿ. ಸೇನೆ ಆರೋಪ ಹೊರಿಸಿದ್ದ ಕೆಲವು ಸಂಸದರು ಹಡಗಿನಲ್ಲಿ ದೇಶ ಬಿಡುವಾಗ ಆತ ತಡೆಯದೆ ಬಿಟ್ಟ. 1647ರ ಸೆಪ್ಟೆಂಬರಿನಲ್ಲಿ ಆತನಿಂದ ರಾಜೀನಾಮೆ ಪಡೆದು, ಆ ಜಾಗಕ್ಕೆ ಕರ್ನಲ್ ಥಾಮಸ್ ರೇನ್ಸ್‌ಬರೋನನ್ನು ತಂದರು. 1648ರ ಮೇ ತಿಂಗಳಲ್ಲಿ ಕೆಂಟ್ ಕರಾವಳಿಯ ಡೌನ್ಸ್ ಲಂಗರುತಾಣದಲ್ಲಿ ನಾವಿಕರು ತಿರುಗಿಬಿದ್ದರು. ದಡಕ್ಕೆ ಹೋಗಿದ್ದ ರೇನ್ಸ್‌ಬರೋನನ್ನು ಮತ್ತೆ ಹಡಗು ಹತ್ತಲು ಬಿಡಲಿಲ್ಲ. ಹಡಗುಗಳು ಹಾಲೆಂಡಿಗೆ ಹೋದವು. ಬೇಸಿಗೆಯಲ್ಲಿ ಬ್ಯಾಟನ್ ಕೂಡ ‘ಕಾನ್‌ಸ್ಟಂಟ್ ವಾರಿಕ್’ ಎಂಬ ಹಡಗಿನೊಂದಿಗೆ ಯುವರಾಜನನ್ನು ಸೇರಿದ. ಯಾಕೆ ಹೋದೆ ಎಂದು ಒಂದು ಹೇಳಿಕೆಯನ್ನೂ ಅಚ್ಚು ಹಾಕಿಸಿದ.

ಈಗ ಪದಕ್ಕೆ ಬರೋಣ. ‘ಪಕ್ಷಾಂತರ’ ರಚನೆಯಲ್ಲಿ ತಪ್ಪಿಲ್ಲದ ಪದ. ದೇಶಾಂತರ, ರೂಪಾಂತರ, ಮತಾಂತರದ ಹಾಗೆಯೇ. ಪಕ್ಷ ಎಂದರೆ ಕಡೆ ಎಂಬ ಅರ್ಥವೂ ಇದೆ. ಪಾಂಡವಪಕ್ಷ, ಕೌರವಪಕ್ಷ ಅನ್ನುತ್ತೇವಲ್ಲ. ಆದರೆ 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿದ ಮೇಲೆ, ಪಕ್ಷಾಂತರ ನಿಷೇಧ ಕಾಯ್ದೆಯ ಸುದ್ದಿ ಓದಿ ಓದಿ, ಈ ಪದ ಶಾಸಕರಿಗೇ ಮೀಸಲಾಗಿದೆ. 2019ರಲ್ಲಿ ನಮ್ಮ 17 ಶಾಸಕರು ಅನರ್ಹರಾದಾಗ ತಿಂಗಳುಗಟ್ಟಲೆ ಇದೇ ಪದ ಕಿವಿಗೆ ಬಿತ್ತು. ಬ್ಯಾಟನ್ ‘ಪಕ್ಷಾಂತರ ಮಾಡಿದ’ ಎಂದರೆ ಓದುವವರ ತಲೆಗೆ ಮೊದಲು ಬರುವುದು ರೆಸಾರ್ಟು. ಮಹಾಭಾರತದ ಯುಯುತ್ಸುವನ್ನೇ ನೋಡಿ. ಯುದ್ಧ ಶುರುವಾಗುವ ಹೊತ್ತಿಗೆ ಕೌರವ ಸೋದರರನ್ನು ಬಿಟ್ಟು ಧರ್ಮರಾಯನ ಕಡೆಗೆ ಬಂದ. ಅವನನ್ನು ಯಾರೂ ಪಕ್ಷಾಂತರಿ ಎಂದದ್ದನ್ನು ನಾನು ಕೇಳಿಲ್ಲ.

‘ದ್ರೋಹ’ ಇನ್ನೂ ಕಷ್ಟ. ಅದು ಯಾರಿಗೆ ಎಂದು ಮೊದಲು ಹೇಳಬೇಕಾಗುತ್ತದೆ. 1642ರಲ್ಲಿ ರಾಜನ ಲೆಕ್ಕದಲ್ಲಿ ಬ್ಯಾಟನ್ ರಾಜದ್ರೋಹಿ, 1648ರಲ್ಲಿ ಪಾರ್ಲಿಮೆಂಟಿನ ಲೆಕ್ಕದಲ್ಲಿ ದ್ರೋಹಿ. ಆಮೇಲೆ ರಾಜನ ಕಡೆಯವರಲ್ಲೂ ಹಲವರು ಆತನನ್ನು ನಂಬಲಿಲ್ಲ. ಹಳೆಗನ್ನಡ ಕಾಲದಿಂದಲೂ ಈ ಪದಕ್ಕೆ ಭಾರೀ ತೂಕ. ಹೊಯ್ಸಳರ ದಂಡನಾಯಕ ಗಂಗರಾಜನ ಬಿರುದು ‘ದ್ರೋಹಘರಟ್ಟ’, ಅಂದರೆ ದ್ರೋಹಿಗಳನ್ನು ಅರೆಯುವ ಬೀಸುಕಲ್ಲು. ಅಂಥ ಪದವನ್ನು ಸುಮ್ನೆ ಒಬ್ಬನ ಹೆಸರಿನ ಮುಂದೆ ಇಡಬಾರದು. ಅದೂ ಅಲ್ಲದೆ, ಆ ಯುದ್ಧದಲ್ಲಿ ಪಾರ್ಲಿಮೆಂಟು ಹೋರಾಡಿದ್ದೇ ‘ರಾಜ ಮತ್ತು ಪಾರ್ಲಿಮೆಂಟಿಗಾಗಿ’ ಎಂದು ಹೇಳಿಕೊಂಡು. ನಾನು ನಿಂತಲ್ಲೇ ನಿಂತಿದ್ದೇನೆ, ಸರಿದದ್ದು ನೀವು ಎಂದು ಬ್ಯಾಟನ್ನಿನಂಥವರು ವಾದಿಸಿದರೆ ತಳ್ಳಿಹಾಕುವುದು ಸುಲಭವಲ್ಲ. ಆತ ಆಸೆಗೆ ಬಿದ್ದು ಹೋದ ಎಂದು ನನಗೆ ಅನ್ನಿಸುವುದಿಲ್ಲ. 1648ರಲ್ಲಿ ರಾಜ ಸೆರೆಯಲ್ಲಿದ್ದ. ಆ ಕಡೆಯಿಂದ ಸಿಗುವಂಥದ್ದು ಜಾಸ್ತಿ ಏನೂ ಇರಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ ಆತ ಇಂಗ್ಲೆಂಡಿಗೆ ಮರಳಿ ತನ್ನ ಪಾಡಿಗೆ ಇದ್ದುಬಿಟ್ಟ. 1660ರಲ್ಲಿ ರಾಜಮನೆತನ ಮರಳಿದಾಗ ಹಳೆಯ ಸರ್ವೇಯರ್ ಹುದ್ದೆ ಮತ್ತೆ ಸಿಕ್ಕಿತು. 1667ರಲ್ಲಿ ಸಾಯುವವರೆಗೂ ಅದರಲ್ಲೇ ಇದ್ದ. ಆ ವರ್ಷಗಳ ಬ್ಯಾಟನ್ ನಮಗೆ ಸಿಗುವುದು ಸಹೋದ್ಯೋಗಿ ಸ್ಯಾಮ್ಯುಯೆಲ್ ಪೀಪ್ಸ್‌ನ ದಿನಚರಿಯಲ್ಲಿ. ಪೀಪ್ಸ್‌ಗೆ ಆತನನ್ನು ಕಂಡರೆ ಆಗುತ್ತಿರಲಿಲ್ಲ, ಹಾಗಾಗಿ ಅದನ್ನು ಎಚ್ಚರದಿಂದ ಓದಬೇಕು.

ಸದ್ಯಕ್ಕೆ ‘ಯುವರಾಜನ ಕಡೆಗೆ ಹೋದ’, ‘ಕಡೆ ಬದಲಿಸಿದ’ ಎಂದು ಬರೆದಿದ್ದೇನೆ. ‘ಕಡೆ’ಯಲ್ಲಿ ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ. ತೊಂದರೆ ಎಂದರೆ ‘ಕಡೆಗೆ’ ಎಂದರೆ ‘ಕೊನೆಗೆ’ ಅಂತಲೂ ಆಗುತ್ತದೆ. ‘ಕಡೆಗೆ ಯುವರಾಜನ ಕಡೆಗೆ ಹೋದ’ ಎಂಬ ವಾಕ್ಯ ಕಿವಿಗೆ ಹಿತವಲ್ಲ. ನಾಮಪದ ಬೇಕಾದಾಗ ‘ಕಡೆ ಬದಲಾವಣೆ’ ಎನ್ನುವುದೂ ಸಪ್ಪೆ. ‘ಬಣ ಬದಲು’ ಎಂದರೆ ಮತ್ತೆ ರಾಜಕೀಯ. ‘ಪಾಳೆಯ ಬದಲಿಸು’ ಯುದ್ಧಕ್ಕೆ ಒಪ್ಪುತ್ತದೆ, ಆದರೆ ಪಾಳೆಯ ನೆಲದ ಮೇಲೆ ಬೀಡುಬಿಟ್ಟ ದಂಡಿನದು. ನೀರಿನ ಮೇಲಿನ ದಳಕ್ಕೆ ಹೊಂದುತ್ತದೆಯೇ?

ಇನ್ನೊಂದು: ನಾವಿಕರು ಮಾಡಿದ್ದನ್ನು ‘ದಂಗೆ’ ಅನ್ನಲೋ ‘ಬಂಡಾಯ’ ಅನ್ನಲೋ? ನನ್ನ ಕಿವಿಗೆ ‘ದಂಗೆ’ಯಲ್ಲಿ ಆಳುವವರ ದನಿ ಕೇಳುತ್ತದೆ, ‘ಸಿಪಾಯಿ ದಂಗೆ’ಯ ಹಾಗೆ. ‘ನರಗುಂದ ಬಂಡಾಯ’ ಎನ್ನುವಾಗ ನಾವು ಎದ್ದವರ ಪರ ನಿಂತಿರುತ್ತೇವೆ. ನಾನು ಬಂಡಾಯದ ಕಡೆ ವಾಲಿದ್ದೇನೆ. ಒಪ್ಪದವರು ಕಾರಣ ಹೇಳಿ.

ಕರಾವಳಿಯವರಲ್ಲಿ ವಿಶೇಷವಾಗಿ ಕೇಳುವುದು: ಒಬ್ಬ ತಾಂಡೇಲ (ಬೋಟು ನಡೆಸುವವ) ತನ್ನ ಕಲಾಸಿಗಳನ್ನೂ (ಬೋಟಿನ ಆಳುಗಳನ್ನೂ) ಕರೆದುಕೊಂಡು ಒಬ್ಬ ಮಾಲೀಕನ ಬೋಟು ಬಿಟ್ಟು ಇನ್ನೊಬ್ಬನ ಬೋಟಿಗೆ ಹೋದರೆ ಮಲ್ಪೆ, ಮಂಗಳೂರು, ಕಾರವಾರದ ಬಂದರುಗಳಲ್ಲಿ ಅದಕ್ಕೆ ಏನಂತಾರೆ? ತುಳು, ಕೊಂಕಣಿ ಪದವಾದರೂ ಸರಿ, ಬಳಸುವ ಒಂದು ವಾಕ್ಯದ ಜೊತೆ ತಿಳಿಸಿ.