ಚೀನಾದಲ್ಲಿ ಮೇಷ್ಟ್ರ ಕೆಲಸ: ಏಜೆಂಟ್ ಬಿಸಿನೆಸ್ ವೀಸಾದಲ್ಲಿ ಹೋಗಿ ಅಂತಿದ್ದಾರೆ, ಹೋಗಬಹುದಾ?

ತುಮಕೂರಿನ ಲೆಕ್ಕದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಗಣಿತ, ಬಿಎಡ್ ಮಾಡಿದ್ದೇನೆ. ಒಂದು ಪಿಯು ಕಾಲೇಜಿನಲ್ಲಿ ಆರು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ವಯಸ್ಸು 32. ಹೆಂಡತಿ, ನಾಲ್ಕು ವರ್ಷದ ಮಗಳು ಇದ್ದಾರೆ. ಒಬ್ಬ ಏಜೆಂಟ್ ಚೀನಾದ ಕಿಂಡರ್‌ಗಾರ್ಟನ್ ಒಂದರಲ್ಲಿ ಇಂಗ್ಲಿಷ್ ಹೇಳಿಕೊಡುವ ಕೆಲಸ ಕೊಡಿಸುತ್ತೇನೆ ಅಂದಿದ್ದಾರೆ. ತಿಂಗಳಿಗೆ 14,000 ಯುವಾನ್. ಈಗ ಬಿಸಿನೆಸ್ ವೀಸಾದಲ್ಲಿ ಹೋಗಿ, ಅಲ್ಲಿಗೆ ಹೋದ ಮೇಲೆ ಕೆಲಸದ ವೀಸಾ ಮಾಡಿಸಿಕೊಡುತ್ತಾರಂತೆ. ಒಂದೂವರೆ ಲಕ್ಷ ಮುಂಗಡ ಕೇಳಿದ್ದಾರೆ. ಮುಂದಿನ ತಿಂಗಳು ರಾಜೀನಾಮೆ ಕೊಡಬೇಕೆಂದಿದ್ದೇನೆ. ಅಲ್ಲಿ ಪಾಠ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಸುಝೌ ಫಿಸಿಕ್ಸ್:

ಸರ್, ದುಡ್ಡು ಕೊಡಬೇಡಿ. ರಾಜೀನಾಮೆಯನ್ನೂ ಈಗಲೇ ಕೊಡಬೇಡಿ. ನಾನು ಹಾಸನ ಕಡೆಯವನು, 2019ರಿಂದ ಸುಝೌನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದೇನೆ. ನಿಮ್ಮ ಹಾಗೆಯೇ ಪಿಯು ಹುಡುಗರಿಗೆ ಪಾಠ ಮಾಡಿಕೊಂಡಿದ್ದವನು.

ಬಿಸಿನೆಸ್ ವೀಸಾ ಅಂದರೆ ಎಂ ವೀಸಾ. ಅದರಲ್ಲಿ ಶಾಲೆಯಲ್ಲಿ ಕೆಲಸ ಮಾಡಿದರೆ ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ 5,000ದಿಂದ 20,000 ಯುವಾನ್ ದಂಡ. ದೊಡ್ಡ ತಪ್ಪು ಅನ್ನಿಸಿದರೆ 5ರಿಂದ 15 ದಿನ ಬಂಧನದಲ್ಲೂ ಇಡುತ್ತಾರೆ. ನನ್ನ ಪಕ್ಕದ ಮನೆಯಲ್ಲಿ ಒಬ್ಬ ಹುಡುಗ ಇದ್ದ, ನಮ್ಮ ದೇಶದವನೇ. ಹೀಗೇ ಯಾರದೋ ಮಾತು ನಂಬಿ ಬಂದಿದ್ದ. ಒಂದು ದಿನ ಪೊಲೀಸರು ಶಾಲೆಗೆ ಬಂದು ಪಾಸ್‌ಪೋರ್ಟ್ ನೋಡಿದರು. ಕಳಿಸಿದ್ದ ಏಜೆಂಟ್ ಫೋನ್ ಎತ್ತಲಿಲ್ಲ. ದಂಡ ಕಟ್ಟಲು ಅವನ ಅಮ್ಮ ಊರಲ್ಲಿ ಬಳೆ ಅಡ ಇಟ್ಟರು. ಆ ರಾತ್ರಿ ಅವನು ನಮ್ಮ ಮನೆಯಲ್ಲಿ ಅನ್ನ ಮುಂದಿಟ್ಟುಕೊಂಡು ಸುಮ್ನೆ ಕೂತಿದ್ದ. ಅದನ್ನು ನೋಡಿದ ಮೇಲೆ ಈ ವಿಷಯದಲ್ಲಿ ನಾನು ಮೆತ್ತಗೆ ಮಾತಾಡುವುದಿಲ್ಲ.

ಇನ್ನೊಂದು ಮಾತು. ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಥರ ಇಂಗ್ಲಿಷೇ ಮಾತೃಭಾಷೆಯಾದ ದೇಶದ ಪಾಸ್‌ಪೋರ್ಟ್ ಕೇಳುತ್ತಾರೆ. ನೀವು ಎಷ್ಟೇ ಚೆನ್ನಾಗಿ ಮಾತಾಡಿದರೂ ಕೆಲಸದ ಪರ್ಮಿಟ್ ಸಿಗುವುದು ಕಷ್ಟ. ಆದರೆ ನಿಮ್ಮ ಕೈಯಲ್ಲಿ ಗಣಿತ ಇದೆ ಸರ್! ಆರು ವರ್ಷದ ಅನುಭವ ಇದೆ. ವಿಷಯ ಶಿಕ್ಷಕರಿಗೆ ಡಿಗ್ರಿ ಮತ್ತು ಕನಿಷ್ಠ ಎರಡು ವರ್ಷದ ಅನುಭವ ಇದ್ದರೆ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ಎ ಲೆವೆಲ್, ಐಬಿ ಥರ ವಿದೇಶಿ ಪಠ್ಯಕ್ರಮ ನಡೆಸುವ ಶಾಲೆಗಳನ್ನು ನೋಡಿ. ದೊಡ್ಡ ಸರ್ಕಾರಿ ಹೈಸ್ಕೂಲುಗಳಲ್ಲೂ ವಿದೇಶಕ್ಕೆ ಓದಲು ಹೋಗುವ ಮಕ್ಕಳಿಗಾಗಿ ಪ್ರತ್ಯೇಕ ವಿಭಾಗ ಇರುವುದುಂಟು. ನಾನಿರುವುದು ಅಂಥ ಕಡೆಯೇ. ತಿಂಗಳಿಗೆ 19,000 ಯುವಾನ್‌ಗೆ ಸೇರಿದೆ, ಮನೆ ಶಾಲೆಯದು.

ಸರಿಯಾದ ದಾರಿ ಅಂದರೆ, ಮೊದಲು ಶಾಲೆ ನಿಮ್ಮ ಹೆಸರಲ್ಲಿ ವರ್ಕ್ ಪರ್ಮಿಟ್ ನೋಟಿಫಿಕೇಷನ್, ಅಂದರೆ ಕೆಲಸಕ್ಕೆ ಅನುಮತಿ ಪತ್ರ, ತರಿಸಬೇಕು. ಅದನ್ನು ಇಟ್ಟುಕೊಂಡು ನೀವು ಭಾರತದಿಂದಲೇ ಝಡ್ ವೀಸಾ, ಅಂದರೆ ಕೆಲಸದ ವೀಸಾ, ಪಡೆಯಬೇಕು. ಚೀನಾಗೆ ಇಳಿದ ಮೇಲೆ 24 ಗಂಟೆಯೊಳಗೆ ಪೊಲೀಸರಲ್ಲಿ ವಿಳಾಸ ನೋಂದಣಿ, 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ. ಕಾಗದಪತ್ರಕ್ಕೆ ಸಮಯ ಜಾಸ್ತಿ ಬೇಕು. ಚೀನಾ 2023ರ ನವೆಂಬರ್‌ನಲ್ಲಿ ಅಪೊಸ್ಟಿಲ್ ವ್ಯವಸ್ಥೆಗೆ (ಒಂದು ದೇಶದ ಒಂದೇ ಮುದ್ರೆ ಇದ್ದರೆ ಇನ್ನೊಂದು ದೇಶ ಕಾಗದ ಒಪ್ಪಿಕೊಳ್ಳುವ ಪದ್ಧತಿ) ಸೇರಿತು, ಆದರೆ ನಮ್ಮ ಎರಡು ದೇಶಗಳ ನಡುವೆ ಅದು ನಡೆಯುವುದಿಲ್ಲ. ಹಾಗಾಗಿ ಡಿಗ್ರಿಗೆ, ಪೊಲೀಸ್ ಕ್ಲಿಯರೆನ್ಸ್‌ಗೆ ವಿದೇಶಾಂಗ ಇಲಾಖೆಯ ಮುದ್ರೆ ಆದ ಮೇಲೆ ಚೀನಾ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ನನಗೆ ಇದಕ್ಕೇ ಎರಡೂವರೆ ತಿಂಗಳು ಹಿಡಿಯಿತು.

ತರಗತಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನನ್ನನ್ನು ಇಲ್ಲಿ ಉಳಿಸಿದ್ದು ಅದೇ. ನೀವು ಒಳಗೆ ಹೋದ ತಕ್ಷಣ ಎಲ್ಲರೂ ಎದ್ದು ನಿಂತು "ಲಾವೋಶೀ ಹಾವೋ" ಅನ್ನುತ್ತಾರೆ. ನಮ್ಮ "ನಮಸ್ತೇ ಸಾರ್" ಇದ್ದ ಹಾಗೆ. ಊಟ ಆದ ಮೇಲೆ ಡೆಸ್ಕಿನ ಮೇಲೆ ತಲೆ ಇಟ್ಟು ಮಲಗುತ್ತಾರೆ. ಆಗ ಜೋರಾಗಿ ಕುರ್ಚಿ ಎಳೆಯಬೇಡಿ.

ಮೊದಲ ವಾರದಲ್ಲೇ ಒಂದು ತಪ್ಪು ಮಾಡಿದೆ. ಒಂದು ಲೆಕ್ಕ ಹಾಕಿ ಉತ್ತರ ಕೇಳಿದೆ. ಕೊನೇ ಬೆಂಚಿನ ಹುಡುಗಿ ಬಾಯಿ ಬಿಡಲಿಲ್ಲ. ಹೆಬ್ಬೆರಳು, ತೋರುಬೆರಳು ಎರಡನ್ನೇ ಚಾಚಿ ತೋರಿಸಿದಳು. ನಾನು ಎರಡು ಅಂದುಕೊಂಡು "ತಪ್ಪು, ಕೂತ್ಕೋ" ಅಂದೆ. ಉತ್ತರ ಎಂಟು. ಇಲ್ಲಿ ಒಂದೇ ಕೈಯಲ್ಲಿ ಹತ್ತರವರೆಗೆ ಎಣಿಸುತ್ತಾರೆ, ಆ ಎರಡು ಬೆರಳು ಅಂದರೆ ಎಂಟು. ಪಕ್ಕದ ಹುಡುಗ ಎದ್ದು ಹೇಳುವವರೆಗೆ ನನಗೆ ಗೊತ್ತಾಗಲಿಲ್ಲ. ಅವಳು ಅಷ್ಟು ಹೊತ್ತೂ ತಲೆ ತಗ್ಗಿಸಿ ಪುಸ್ತಕದ ಮೂಲೆ ಮಡಚುತ್ತಿದ್ದಳು. ಎಲ್ಲರ ಮುಂದೆ ಕ್ಷಮೆ ಕೇಳಿದೆ. ಅವತ್ತು ಸಂಜೆಯೇ ಒಂದರಿಂದ ಹತ್ತರವರೆಗಿನ ಕೈಸನ್ನೆ ಕಲಿತೆ. ನೀವು ವಿಮಾನ ಹತ್ತುವ ಮೊದಲೇ ಕಲಿತುಬಿಡಿ, ಲೆಕ್ಕದ ಮೇಷ್ಟ್ರಿಗೆ ಅದು ಬೇಕೇ ಬೇಕು.

ಗುವಾಂಗ್‌ಝೌ ಮಿಕ್ಸಿ:

ಮೇಲಿನ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಗಂಡನೂ ಇಲ್ಲಿ ಮೇಷ್ಟ್ರು, ನಾನು ಮನೆ ಕಡೆಯ ವಿಷಯ ಹೇಳುತ್ತೇನೆ. ನೀವು ಝಡ್ ವೀಸಾದಲ್ಲಿ ಬಂದರೆ ಮನೆಯವರಿಗೆ ಎಸ್1 ವೀಸಾ ಸಿಗುತ್ತದೆ. ಆದರೆ ಅದರಲ್ಲಿ ನಿಮ್ಮ ಮನೆಯವರು ಕೆಲಸಕ್ಕೆ ಹೋಗುವಂತಿಲ್ಲ. ಮಗಳ ಓದಿನ ಬಗ್ಗೆ ಕಾಂಟ್ರಾಕ್ಟ್‌ನಲ್ಲೇ ಬರೆಸಿಕೊಳ್ಳಿ. ಇಂಟರ್‌ನ್ಯಾಷನಲ್ ಶಾಲೆ ಫೀಸು ಸಂಬಳದಲ್ಲಿ ಕಟ್ಟೋಕೆ ಆಗಲ್ಲ. ಬಾಯಿಮಾತಿಗೆ "ನೋಡೋಣ" ಅಂದಿದ್ದನ್ನು ನಂಬಿ ನಾವು ಒಂದು ವರ್ಷ ಮಗನನ್ನು ಮನೆಯಲ್ಲೇ ಓದಿಸಿದೆವು.

ವಾಟ್ಸ್‌ಆ್ಯಪ್, ಗೂಗಲ್ ಇಲ್ಲಿ ನಡೆಯಲ್ಲ. ಹೊರಡುವ ಮೊದಲೇ ಅಪ್ಪ ಅಮ್ಮನ ಫೋನಿಗೆ ಇಲ್ಲಿ ಎಲ್ಲರೂ ಬಳಸುವ ವೀಚಾಟ್ ಆ್ಯಪ್ ಹಾಕಿಕೊಟ್ಟು, ಎರಡು ಸಲ ವಿಡಿಯೋ ಕಾಲ್ ಮಾಡಿಸಿ ಅಭ್ಯಾಸ ಮಾಡಿಸಿ. ಮಿಕ್ಸಿ ತನ್ನಿ, ಇಲ್ಲೂ 220 ವೋಲ್ಟೇ, ಪ್ಲಗ್ ಮಾತ್ರ ಬೇರೆ. ಮಾಂಸ ತಿನ್ನಲ್ಲ ಅಂದರೆ "ವೋ ಚೀ ಸೂ" ಅನ್ನಬೇಕು. ಆದರೂ ಸೊಪ್ಪಿನ ಪಲ್ಯಕ್ಕೆ ಹಂದಿ ಕೊಬ್ಬು ಹಾಕಿದ್ದಾರಾ ಅಂತ ಕೇಳಿಯೇ ತಿನ್ನಿ.

ತುಮಕೂರಿನ ಲೆಕ್ಕದ ಮೇಷ್ಟ್ರು:

ಸರ್, ಮೇಡಂ, ಇಬ್ಬರಿಗೂ ಕೈ ಮುಗಿಯುತ್ತೇನೆ. ಏಜೆಂಟ್‌ಗೆ ಬೇಡ ಅಂತ ಬೆಳಿಗ್ಗೆಯೇ ಹೇಳಿದೆ. ಹೆಂಡತಿ ನಿಮ್ಮ ಉತ್ತರ ಎರಡೆರಡು ಸಲ ಓದಿದಳು. ಒಂದೇ ಅನುಮಾನ. ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಜೊತೆ ಬರೀ ಇನಿಷಿಯಲ್ ಇದೆ. ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿದ್ದಾರೆ. ತೊಂದರೆ ಆಗುತ್ತಾ?

ಸುಝೌ ಫಿಸಿಕ್ಸ್:

ನನಗೂ ಇದೇ ಆಗಿತ್ತು. ಇಲ್ಲಿನ ಆಫೀಸಿನವರಿಗೆ ಇನಿಷಿಯಲ್ ಅಂದರೆ ಏನಂತ ಗೊತ್ತಿರಲಿಲ್ಲ, ಇಬ್ಬರು ಬೇರೆ ಬೇರೆ ಮನುಷ್ಯರು ಅಂದುಕೊಂಡರು. ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಅದಕ್ಕೂ ಮುದ್ರೆಗಳನ್ನೆಲ್ಲ ಹಾಕಿಸಿ ಕಳಿಸಿದೆ, ಒಪ್ಪಿಕೊಂಡರು. ನಿಮ್ಮ ಶಾಲೆಯವರನ್ನು ಮೊದಲೇ ಕೇಳಿಕೊಳ್ಳಿ. ಕಾಲೇಜಿನಿಂದ ಅನುಭವ ಪತ್ರ ಬರೆಸುವಾಗ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಹೆಸರು ಬರೆಸಿ. ಸೇರಿದ ದಿನಾಂಕ, ಪಾಠ ಮಾಡುವ ವಿಷಯ, ಪ್ರಿನ್ಸಿಪಾಲರ ಸಹಿ, ಸೀಲು ಎಲ್ಲ ಇರಲಿ. ಆಫರ್ ಬಂದಾಗ ಕಾಂಟ್ರಾಕ್ಟ್ ನನಗೆ ಮೆಸೇಜ್ ಮಾಡಿ, ಸಹಿ ಹಾಕುವ ಮೊದಲು ಕೂತು ಓದೋಣ.